ಪಟ್ಟಿಯ ಕೊನೆಯ ಸಾಲು

ಸಾಫಿ, 2 ನವೆಂಬರ್ 1986

ಏಕೈಕ ದೇವರಿಗೆ ಸ್ತುತಿ.

ತಮ್ಮ ಬೂಜಮಾನಿಗೆ ಅಕ್ಕ ಯಾಮ್ನಾ ಬರೆಯುವುದು.

ಮಹ್ಜೂಬಳ ನಲವತ್ತನೆಯ ದಿನ ಕಳೆದ ಮಂಗಳವಾರ ಮುಗಿಯಿತು. ಮೂರು ದೊಡ್ಡ ತಟ್ಟೆ ಕುಸ್ಕುಸ್ ಮಾಡಿದ್ದೆ. ಒಂದು ತಟ್ಟೆಯ ಸುತ್ತ ಕೂರುವಷ್ಟೂ ಜನ ಬರಲಿಲ್ಲ. ಕುರಾನ್ ಓದಲು ಬಂದವರು ತಿಂದು, ತಲೆ ತಗ್ಗಿಸಿಕೊಂಡು ಹೋದರು. ಮಿಕ್ಕದ್ದನ್ನು ಮಸೀದಿಯ ಮುಂದೆ ಕೂತ ಭಿಕ್ಷುಕರಿಗೆ ಕೊಟ್ಟು ಬಂದೆ.

ಯಾಕೆ ಬರಲಿಲ್ಲವೆಂದು ನೀನು ಕೇಳುತ್ತೀಯ. ಕಾರ್ಮಿಕ ಇಲಾಖೆಯ ವರದಿ ಬಂದಿದೆ. ಕಾರ್ಖಾನೆಯಲ್ಲಿ ಮೀನಿನ ಡಬ್ಬಿ ಬೇಯಿಸುವ ಆವಿ ಹಂಡೆಯ ಮುಚ್ಚಳವನ್ನು ಆವಿ ಇಳಿಯುವ ಮೊದಲೇ ಮಹ್ಜೂಬಳೇ ಬಿಚ್ಚಿದಳಂತೆ. ಅದು ಸಿಡಿದು ಅವಳ ಜೊತೆ ಇನ್ನಿಬ್ಬರು ಸತ್ತರು. ಒಬ್ಬಳು ಕಬೀರಾ, ಗುಡ್ಡದ ಮೇಲಿನ ಕೇರಿಯವಳು. ಇನ್ನೊಬ್ಬಳು ತಾಮೂ, ನಮ್ಮ ಎದುರು ಮನೆಯ ಇಜ್ಜಾಳ ಮಗಳು. ನನ್ನ ಮಗಳು ಇಬ್ಬರನ್ನು ಕೊಂದಳು ಅಂತ ಊರು ನಂಬಿದೆ. ನಿನ್ನೆ ಕೇರಿಯ ರೊಟ್ಟಿ ಒಲೆಯ ಹತ್ತಿರ ಇಜ್ಜಾ ನನಗೆ ಕೇಳುವಂತೆಯೇ ಹೇಳಿದಳು: "ದಾರಿ ಬಿಡ್ರೇ, ಮಹಾರಾಣಿ ರೊಟ್ಟಿ ಬೇಯಿಸ್ಕೊಳಕ್ಕೆ ಬಂದವ್ಳೆ. ಇವ್ಳ ಮಗಳು ನಮ್ಮ ಮಕ್ಳನ್ನೇ ಬೇಯಿಸಿಬಿಟ್ಳು." ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ರೊಟ್ಟಿ ಬೇಯಿಸಿಕೊಂಡು ಬಂದೆ.

ನಿನಗೆ ನಿಜ ಗೊತ್ತಿರಲಿ. ಹಂಡೆಯ ಮೇಸ್ತ್ರಿಗೆ ಬರೆಯಲು ಬಾರದು. ಹಂಡೆಯ ಪಕ್ಕ ಒಂದು ದಿನಪುಸ್ತಕ ತೂಗುಹಾಕಿರುತ್ತದೆ, ಆವಿಯ ಒತ್ತಡದ ಮುಳ್ಳು ಎಷ್ಟು ತೋರಿಸಿತು, ಏನು ಕೆಟ್ಟಿದೆ ಎಂದು ಅದರಲ್ಲಿ ಬರೆಯಬೇಕು. ಅವನು ಹೇಳುತ್ತಿದ್ದ, ಮಹ್ಜೂಬ ಬರೆಯುತ್ತಿದ್ದಳು. ಅವಳು ಆ ದಿನ ಹಂಡೆಯ ಬಳಿ ಇದ್ದದ್ದು ಬರೆಯುವುದಕ್ಕೆ, ಬಿಚ್ಚುವುದಕ್ಕಲ್ಲ. ಮುಚ್ಚಳದ ಎರಡು ಬೋಲ್ಟ್ ಸವೆದಿವೆ ಎಂದು ಆ ತಿಂಗಳಲ್ಲಿ ಮೂರು ಸಲ ಬರೆದೆ ಅಂತ ಮನೆಗೆ ಬಂದು ಹೇಳಿದ್ದಳು. ಅವಳ ಕೈಬರಹ ಅದರಲ್ಲಿದೆ.

ಆ ಪುಸ್ತಕ ಈಗ ಇಲ್ಲಿಲ್ಲ. ಕಾರ್ಖಾನೆಗೆ ಬೀಗ ಬಿದ್ದಿದೆ, ಯಂತ್ರಗಳನ್ನೂ ಲಾರಿಯಲ್ಲಿ ಹೊತ್ತೊಯ್ದರು, ಮೇಸ್ತ್ರಿಯೂ ಊರು ಬಿಟ್ಟ. ನ್ಯಾಯಾಲಯ ನನಗೆ ಕೊಟ್ಟ ಪುಕ್ಕಟೆ ವಕೀಲರು ಸಿ ಲಹ್ಲೂ, ಹುಡುಗನಂತಿದ್ದಾರೆ. ದೊಡ್ಡವರನ್ನು ಕರೆಯುವ ಹಾಗೆ ನನ್ನನ್ನು 'ಲಾಲ್ಲಾ' ಎಂದು ಕರೆದು ಅವರು ಹೇಳಿದ್ದು: "ಲಾಲ್ಲಾ, ನೋಟಿಸು ಯಾರಿಗೆ ಕಳಿಸ್ಲಿ? ಬೀಗಕ್ಕಾ? ಇಲ್ಲಿನ ಕಂಪನಿ ಮುಚ್ಚಿಹೋಯ್ತು, ಅದರ ಪುಸ್ತಕ ಎಲ್ಲ ಅದರ ಮಾಲೀಕ ಕಂಪನಿ ಹತ್ರ ಹೋಗಿರುತ್ತೆ. ಆ ಮಾಲೀಕ ಪ್ಯಾರಿಸಲ್ಲಿ ಷೇರು ಮಾರೋ ದೊಡ್ಡ ಕುಳ ಅಂತಾರೆ. ಹೆಸರು ಬೇಕು, ಇದು ಅವರದೇ ಅನ್ನೋಕೆ ಒಂದು ಕಾಗದ ಬೇಕು. ಬರೋ ಸೆಪ್ಟೆಂಬರ್ ಮೂವತ್ತರೊಳಗೆ ಆದ್ರೆ ಪುಸ್ತಕ ತರಿಸ್ತೀನಿ. ಆಮೇಲೆ ಜಡ್ಜು ಕಡತ ಮುಚ್ತಾರೆ."

ನೀನು ಪ್ಯಾರಿಸಿನ ಪಕ್ಕದಲ್ಲೇ ಇದ್ದೀಯ. ನಾವು ತುಂಬುತ್ತಿದ್ದ ಡಬ್ಬಿಯ ಮುಚ್ಚಳವೊಂದನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಹೆಸರು ಅದರ ಮೇಲಿದೆ. ಅಂಚು ಚೂಪಿದೆ, ಕೈ ಜೋಪಾನ.

ಮಗಳನ್ನು ಶುಕ್ರವಾರ ಜುಮಾ ನಮಾಜಿಗೆ ಮುಂಚೆ ಮಣ್ಣು ಮಾಡಿದೆವು. ಅದು ಹೇಗೋ ಆಯಿತು. ಅದನ್ನು ಬರೆಯುವುದಿಲ್ಲ.

ಯಾಮ್ನಾ


ಜೆನ್‌ವಿಲಿಯೆ, 30 ನವೆಂಬರ್ 1986

ನನ್ನ ಅಕ್ಕ ಯಾಮ್ನಾಗೆ,

ನಿನ್ನ ಕಾಗದವನ್ನು ಗೋದಾಮಿನ ಊಟದ ಹೊತ್ತಿನಲ್ಲಿ ಓದಿದೆ. ಆಮೇಲೆ ಸಂಜೆಯವರೆಗೆ ಏನು ಎತ್ತಿದೆ, ಎಲ್ಲಿ ಇಳಿಸಿದೆ ಒಂದೂ ಗೊತ್ತಾಗಲಿಲ್ಲ.

ಮುಚ್ಚಳ ತೆಗೆದುಕೊಂಡು ವಾಣಿಜ್ಯ ನ್ಯಾಯಾಲಯದ ನೋಂದಣಿ ಕಚೇರಿಗೆ ಹೋಗಿದ್ದೆ. ಕಂಪನಿಗಳ ಹುಟ್ಟು ಸಾವು ಬರೆದಿಡುವುದು ಅಲ್ಲೇ. ಕಿಟಕಿಯ ಹಿಂದೆ ಕೂತ ಹೆಂಗಸು ಕನ್ನಡಕ ಏರಿಸಿ ಕೇಳಿದಳು: "ಇದೇನು?"

"ಮುಚ್ಚಳ, ಮೇಡಂ. ಇದರ ಮಾಲೀಕರು ಯಾರು ಅಂತ ಬೇಕಿತ್ತು."

"ಒಳಗಿದ್ದ ಮೀನನ್ನ ಕೇಳಬೇಕಿತ್ತು ನೀವು."

ಸಾಲಿನಲ್ಲಿದ್ದವರು ನಕ್ಕರು. ಅವಳಿಗೇ ಆಮೇಲೆ ಕಸಿವಿಸಿಯಾಯಿತೇನೋ, ದಪ್ಪ ಪುಸ್ತಕ ತೆಗೆದು ಹುಡುಕಿದಳು. 'ಬ್ಲೂ ಪೆನಂಟ್' ಎಂಬ ಕಂಪನಿ ಫ್ರಾನ್ಸಿನಲ್ಲಿ ಇಲ್ಲ, ಅದು ಇಂಗ್ಲೆಂಡಿನ ಹೆಸರಿನ ಹಾಗಿದೆ ಎಂದಳು. ಪಕ್ಕದ ಕೋಣೆಯ ಡೆಂಬಾ, ಮಾಲಿ ದೇಶದವನು, ಚೆನ್ನಾಗಿ ಓದಿದವನು, ಲಂಡನ್ನಿಗೆ ಕಾಗದ ಬರೆದುಕೊಟ್ಟಿದ್ದಾನೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಹೆಂಡತಿ ಹಾದ್ದಾಳನ್ನೂ ಮಕ್ಕಳನ್ನೂ ಇಲ್ಲಿಗೆ ಕರೆಸುವ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ. ಕೆಲಸ ಕೊಟ್ಟವರ ಸಹಿ ಬೇಕಂತೆ. ಅದಿರಲಿ. ಮೊದಲು ನಿನ್ನದು.

ನೀನು ಅಳುವುದಿಲ್ಲವೆಂದು ನನಗೆ ಗೊತ್ತು. ಅದಕ್ಕೇ ಭಯ.

ನಿನ್ನ ತಮ್ಮ ಬೂಜಮಾ


ಸಾಫಿ, 9 ಫೆಬ್ರವರಿ 1987

ಏಕೈಕ ದೇವರಿಗೆ ಸ್ತುತಿ.

ತಮ್ಮ ಬೂಜಮಾ,

ಲಂಡನ್ನಿನಿಂದ ಬಂದ ಉತ್ತರದ ಬಗ್ಗೆ ನೀನು ಬರೆದ ಚೀಟಿ ಮುಟ್ಟಿತು. ಬ್ಲೂ ಪೆನಂಟ್ ಅಂದರೆ ಅಲ್ಲಿನ ದಿನಸಿ ಅಂಗಡಿಗಳ ಹೆಸರಂತೆ, ಕಾರ್ಖಾನೆ ಅವರದಲ್ಲವಂತೆ. ತಪ್ಪು ನನ್ನದು. ಮೂರು ತಿಂಗಳು ನಿನ್ನನ್ನು ಸುಮ್ಮನೆ ಅಲೆಸಿದೆ.

ಜತೆಗೆ ಕೆಲಸ ಮಾಡಿದ ಮುದುಕಿ ಹಾದ್ಹೂಮಳಿಗೆ ಹೇಳಿದರೆ ಅವಳು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು: "ಅಯ್ಯೋ ಪೆದ್ದಿ! ಒಂದೇ ಮೀನಿಗೆ ಬೆಳಿಗ್ಗೆ ಒಂದು ಮುಚ್ಚಳ, ಮಧ್ಯಾಹ್ನ ಒಂದು ಮುಚ್ಚಳ ಹೊಡೀತಿದ್ವಲ್ಲೇ. ಯಾರು ಕೇಳಿದ್ರೆ ಅವ್ರ ಹೆಸ್ರು. ಇಪ್ಪತ್ತು ವರ್ಷ ಕೈ ಕುಯ್ಕೊಂಡು ಅಷ್ಟೂ ತಿಳೀಲಿಲ್ವಾ ನಿಂಗೆ?"

ತಿಳಿದಿರಲಿಲ್ಲ. ನಮಗೆ ಕಾರ್ಖಾನೆ ಗುರುತು ಇದ್ದದ್ದು ಹೆಸರಿನಿಂದಲ್ಲ. ದೋಣಿ ಬಂದಾಗ ಒಂದೊಂದು ಕಾರ್ಖಾನೆಯೂ ತನ್ನದೇ ದನಿಯಲ್ಲಿ ಕೂಗುತ್ತದೆ. ನಮ್ಮದು ಉದ್ದಕ್ಕೆ ಕೂಗಿ, ನಡುವೆ ಬಿಕ್ಕಳಿಸಿ, ಮತ್ತೆ ಏಳುತ್ತಿತ್ತು. ಹಿಟ್ಟು ನಾದುತ್ತಿದ್ದರೂ ಬಿಕ್ಕಳಿಕೆ ಕೇಳಿದರೆ ಕೈ ತೊಳೆದು ಓಡುವುದು. ಬೋರ್ಡಿನಲ್ಲಿ ಏನಿತ್ತೆಂದು ಯಾರು ನೋಡಿದರು? ಊರೆಲ್ಲ ಅದನ್ನು 'ಕುಂಟನ ಕಾರ್ಖಾನೆ' ಅನ್ನುತ್ತಿತ್ತು. ಕುಂಟ ಸ್ಪೇನಿನವನು ಅದನ್ನು ಮಾರಿ ಹೋಗಿ ಆರು ವರ್ಷವಾದರೂ ಅದೇ ಹೆಸರು.

ಮಹ್ಜೂಬಳ ಹಾಜರಿ ಕಾರ್ಡು ಅವಳ ಬಟ್ಟೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಪೆಟ್ಟಿಗೆ ತೆರೆಯಲು ಇಷ್ಟು ದಿನ ಬೇಕಾಯಿತು. ಕಾರ್ಡಿನ ಮೇಲೆ 'ಸಾರ್ದಮೇರ್, ಸಾಫಿ' ಎಂದು ಅಚ್ಚಾಗಿದೆ. ಕುಂಟ ಮಾರಿದ್ದು ವಾಲ್‌ಬ್ರೂನ್ ಎಂಬ ದೊಡ್ಡ ಕಂಪನಿಗೆ ಎಂದು ಬಂದರಿನ ದಲ್ಲಾಳಿಯೊಬ್ಬ ವಕೀಲರಿಗೆ ಹೇಳಿದ್ದಾನೆ. ಬರೀ ಬಾಯಿಮಾತು. ಕಾಗದ ನೀನೇ ಹುಡುಕಬೇಕು.

ಅಕ್ಕ


ಜೆನ್‌ವಿಲಿಯೆ, 26 ಏಪ್ರಿಲ್ 1987

ಅಕ್ಕಾ,

ತಡವಾಯಿತು. ಕೆಲಸ ಹೆಚ್ಚಿತ್ತು.

ವಾಲ್‌ಬ್ರೂನ್ ನಿಜವಾಗಿ ಇದೆ. ಬಿಸ್ಕತ್ತು, ಸಾಬೂನು, ಡಬ್ಬಿ ತಿನಿಸು, ಹಡಗು, ಎಲ್ಲ ಅವರದು. ಅವರ ಅಂಗಸಂಸ್ಥೆಗಳು ಯಾವುವೆಂದು ತಿಳಿಯಲು ವಾರ್ಷಿಕ ವರದಿ ನೋಡಬೇಕು, ಷೇರುದಾರನಾದರೆ ಮನೆಗೇ ಕಳಿಸುತ್ತಾರೆ ಎಂದು ಡೆಂಬಾ ಹೇಳಿದ. ಬ್ಯಾಂಕಿಗೆ ಹೋದೆವು.

"ಎಷ್ಟು ಷೇರು ಬೇಕು?" ಎಂದ ಗುಮಾಸ್ತ.

"ಒಂದು."

"ಒಂದು ಸಾವಿರವಾ?"

"ಒಂದೇ ಒಂದು. ಮೊಟ್ಟೆ ಒಂದು ಕೇಳಿದ್ರೆ ಕೊಡಲ್ವಾ ಅಂಗಡೀಲಿ?" ಎಂದ ಡೆಂಬಾ. ಗುಮಾಸ್ತ ನಗದೆ ಬರೆದುಕೊಂಡ.

ವರದಿ ಬಂತು. ದಪ್ಪ, ನುಣುಪು ಹಾಳೆ, ಮೊದಲ ಪುಟದಲ್ಲಿ ನಗುವ ಮಕ್ಕಳು. ಅರವತ್ತೊಂದನೆಯ ಪುಟದಲ್ಲಿ ಪಟ್ಟಿ. ನಲವತ್ಮೂರು ಕಂಪನಿಗಳು. ಪ್ರತಿಯೊಂದರ ಮೇಲೂ ಬೆರಳಿಟ್ಟು ಓದಿದೆವು. ಸಾರ್ದಮೇರ್ ಇಲ್ಲ. ಕೊನೆಯ ಸಾಲಿನಲ್ಲಿ ಹೀಗಿದೆ: 'ಇತರ ವಿದೇಶಿ ಅಂಗಸಂಸ್ಥೆಗಳು, ಒಟ್ಟಾಗಿ.' ಅಷ್ಟೇ. ಎಷ್ಟು, ಯಾವುವು, ಯಾವ ದೇಶದವು ಎಂದಿಲ್ಲ. ಬಂಡವಾಳದ ನೂರರಲ್ಲಿ ಒಂದು ಪಾಲಿಗಿಂತ ಚಿಕ್ಕದಾದರೆ ಹೆಸರು ಹೇಳಬೇಕಿಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ಅದು ಕಾನೂನೇ ಅಂತೆ.

ಡೆಂಬಾ ಹೇಳಿದ: "ನಮ್ಮೂರ ಮದುವೇಲಿ ಉಡುಗೊರೆ ಕೂಗ್ತಾರೆ ನೋಡು. ಹಸು ಕೊಟ್ಟೋನ ಹೆಸರು, ಅವನಪ್ಪನ ಹೆಸರು, ತಾತನ ಹೆಸರು ಎಲ್ಲ ಕೂಗ್ತಾರೆ. ಕೋಳಿ ಕೊಟ್ಟೋರಿಗೆ 'ಮಿಕ್ಕವರೂ ಕೊಟ್ರು' ಅಂತಾರೆ. ನಿಮ್ಮ ಕಾರ್ಖಾನೆ ಕೋಳಿ, ಕಣಯ್ಯಾ."

ನಾನು ಅವನ ಮೇಲೆ ರೇಗಿದೆ. ಪಾಪ, ಅವನದೇನು ತಪ್ಪು?

ಪಟ್ಟಿಯಲ್ಲಿ ಗುರುತಿನ ಹೆಸರೊಂದು ಕಂಡಿತು. ಅದು ನಮ್ಮ ವಿಷಯಕ್ಕೆ ಸಂಬಂಧಿಸಿದ್ದಲ್ಲ.

ಬೂಜಮಾ


ಸಾಫಿ, 20 ಮೇ 1987

ತಮ್ಮಾ,

ಉಪವಾಸದ ಕೊನೆಯ ವಾರ. ಹೋದ ವರ್ಷದವರೆಗೆ ಸೂರ್ಯ ಮುಳುಗುವ ಹೊತ್ತಿಗೆ ಇಜ್ಜಾಳ ಮನೆಯಿಂದ ಒಂದು ಬೋಗುಣಿ ಹರೀರಾ ಸೂಪು ಬರುತ್ತಿತ್ತು, ನಮ್ಮಲ್ಲಿಂದ ಒಂದು ಹೋಗುತ್ತಿತ್ತು. ಮಹ್ಜೂಬ ಮತ್ತು ತಾಮೂ ಬೀದಿಯ ನಡುವೆಯೇ ಬೋಗುಣಿ ಬದಲಾಯಿಸಿಕೊಂಡು, ನಿಮ್ಮದರಲ್ಲಿ ಉಪ್ಪು ಹೆಚ್ಚು, ನಿಮ್ಮದರಲ್ಲಿ ಕಡಲೆ ಕಡಿಮೆ ಎಂದು ಜಗಳ ಕಾಯುತ್ತಿದ್ದರು. ಈ ವರ್ಷ ನಾನು ಒಂದು ದಿನ ಬೋಗುಣಿ ತೆಗೆದುಕೊಂಡು ಹೋಗಿ ಅವಳ ಹೊಸ್ತಿಲ ಮೇಲೆ ಇಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಅಲ್ಲೇ ಇತ್ತು. ಬೆಕ್ಕೂ ಮುಟ್ಟಿರಲಿಲ್ಲ.

ನೀನು ಕಳಿಸಿದ ಪುಟಗಳನ್ನು ವಕೀಲರಿಗೆ ತೋರಿಸಿದೆ. ಕೊನೆಯ ಸಾಲನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹಿಂದಿನ ಹಾಳೆ ತಿರುಗಿಸಿ ಮುಖ ಅರಳಿಸಿದರು: "ಜೂನ್ ಇಪ್ಪತ್ತನಾಲ್ಕಕ್ಕೆ ಷೇರುದಾರರ ಸಭೆ ಇದೆ ಲಾಲ್ಲಾ! ಒಂದು ಷೇರು ಇದ್ದೋನಿಗೂ ಅಲ್ಲಿ ಬಾಯಿದೆ. ಸಾರ್ದಮೇರ್ ನಿಮ್ಮದಾ ಅಲ್ವಾ ಅಂತ ನಿಂತು ಕೇಳಲಿ. ಅವರು ಹೇಳಿದ್ದನ್ನ ಬರ್ಕೊಳ್ಳಲೇಬೇಕು. ಆ ಬರಹ ನಮಗೆ ಸಾಕು."

ನೀನು ಹೋಗುತ್ತೀಯಲ್ಲ? ಕೇಳುವಾಗ ಅವಳ ಹೆಸರನ್ನೂ ಹೇಳು. ಮಹ್ಜೂಬ, ಅಲ್-ಅರ್ಬಿಯ ಮಗಳು, ಹತ್ತೊಂಬತ್ತು ವರ್ಷ. ಬೇರೇನೂ ಹೇಳುವುದು ಬೇಡ.

ಅಕ್ಕ


ಜೆನ್‌ವಿಲಿಯೆ, 5 ಜುಲೈ 1987

ಅಕ್ಕಾ,

ಸಭೆಗೆ ಹೋಗಿದ್ದೆ. ಡೆಂಬಾನ ಕೋಟು ಹಾಕಿಕೊಂಡಿದ್ದೆ. ದೊಡ್ಡ ಸಭಾಂಗಣ, ಕೆಂಪು ಕುರ್ಚಿಗಳು, ಬಾಗಿಲಲ್ಲಿ ಹಣ್ಣಿನ ರಸ.

ಕೈ ಎತ್ತಿ ಕೇಳಿದೆ. ಅವಳ ಹೆಸರನ್ನೂ ಹೇಳಿದೆ. ಎಲ್ಲರೂ ತಿರುಗಿ ನೋಡಿದರು. ಅಧ್ಯಕ್ಷರು ಮರ್ಯಾದೆಯಿಂದಲೇ ಉತ್ತರಿಸಿದರು, ಆ ಹೆಸರಿನ ಕಂಪನಿ ತಮ್ಮಲ್ಲಿಲ್ಲ ಎಂದರು. ನಿಮ್ಮ ದುಃಖದಲ್ಲಿ ನಾವೂ ಭಾಗಿ ಎಂದರು.

ಇನ್ನು ಏನು ಮಾಡಬೇಕೋ ಗೊತ್ತಿಲ್ಲ. ಬಾಗಿಲು ಮುಚ್ಚಿದ ಹಾಗೆ ಕಾಣುತ್ತದೆ. ಆರೋಗ್ಯ ನೋಡಿಕೋ.

ಬೂಜಮಾ


ಸಾಫಿ, 9 ಆಗಸ್ಟ್ 1987

ಏಕೈಕ ದೇವರಿಗೆ ಸ್ತುತಿ.

ನನ್ನ ತಮ್ಮಾ, ನನ್ನ ತಾಯಿಯ ಮಗನೇ,

ಇಲ್ಲ ಎಂದರೆ ಎಂದುಕೊಳ್ಳಲಿ. ನೀನು ನಿಂತೆಯಲ್ಲ! ಕೆಂಪು ಕುರ್ಚಿಯ ದೊರೆಗಳ ನಡುವೆ ನನ್ನ ಮಗಳ ಹೆಸರು ಹೇಳಿದೆಯಲ್ಲ! ನಿನ್ನ ಕಾಗದವನ್ನು ನಾನು ರೊಟ್ಟಿ ಒಲೆಯ ಮುಂದೆ ಗಟ್ಟಿಯಾಗಿ ಓದಿದೆ. ಹಾದ್ಹೂಮ್ ಎರಡು ಸಲ ಓದಿಸಿದಳು. "ಎಲ್ರೂ ತಿರುಗಿ ನೋಡಿದ್ರಾ? ಎಲ್ರೂನಾ?" ಎಂದಳು. ತಪ್ಪು ಮಾಡಿದವಳ ಕಡೆಯವರು ಅಷ್ಟು ಜನರ ಮುಂದೆ ನಿಂತು ಹೆಸರು ಹೇಳುತ್ತಾರಾ ಎಂದು ಯಾರೋ ಹಿಂದಿನಿಂದ ಅಂದರು. ಕೇಳಿಸಿತು.

ಕುರಿ ಕೊಯ್ಯುವ ಹಬ್ಬದ ದಿನ ಇಜ್ಜಾಳ ಚಿಕ್ಕ ಮಗಳು ಬಾಗಿಲು ತಟ್ಟಿದಳು. ಕೈಯಲ್ಲಿ ತಟ್ಟೆ, ಅದರಲ್ಲಿ ಕೆಂಡದಲ್ಲಿ ಸುಟ್ಟ ಕುರಿಯ ಈಲಿಯ ನಾಲ್ಕು ಕಡ್ಡಿ. "ಅವ್ವ ಕೊಟ್ಟು ಬಾ ಅಂದ್ಳು. ಏನೂ ಹೇಳ್ಬೇಡ ಅಂದ್ಳು" ಎಂದಿತು ಮಗು. ಹನ್ನೊಂದು ತಿಂಗಳಾಗಿತ್ತು ಆ ಮನೆಯಿಂದ ಏನಾದರೂ ಬಂದು. ಹೊಸ್ತಿಲ ಮೇಲೇ ಕೂತು ತಿಂದೆ. ಆಮೇಲೆ ಅತ್ತೆ. ಅಳು ಬಂತು ಎಂದು ನಿನಗೆ ಹೇಳಬೇಕೆನಿಸಿತು.

ಹಾದ್ದಾ ಹಳ್ಳಿಯಿಂದ ಬಂದಿದ್ದಳು. ನಿನ್ನ ಮ್ಯಾನೇಜರು ಜೂನ್ ಕೊನೆಯಲ್ಲಿ ಸಹಿ ಹಾಕಿಕೊಟ್ಟರಂತೆ, ಅವಳ ಕಾಲು ನೆಲದ ಮೇಲಿರಲಿಲ್ಲ. ದೇವರು ಒಂದು ಕೈಯಲ್ಲಿ ಕಿತ್ತುಕೊಂಡರೂ ಇನ್ನೊಂದರಲ್ಲಿ ಕೊಡುತ್ತಾನೆ.

ಇನ್ನೂ ಏಳು ವಾರ ಇದೆ. ಬೇರೆ ದಾರಿ ಇದ್ದರೆ ನೋಡು. ಇಲ್ಲದಿದ್ದರೂ ನನಗೆ ನಿನ್ನ ಮೇಲೆ ಬೇಸರವಿಲ್ಲ.

ಅಕ್ಕ


ಸಾಫಿ, 18 ಅಕ್ಟೋಬರ್ 1987

ತಮ್ಮಾ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಹಾದ್ದಾಳಿಗೂ ನಿನ್ನಿಂದ ಸುದ್ದಿಯಿಲ್ಲ. ಚೆನ್ನಾಗಿದ್ದೀಯಾ? ಅಷ್ಟು ಬರೆದರೆ ಸಾಕು.

ನ್ಯಾಯಾಲಯದ ವಿಷಯ ನೀನು ತಲೆಗೆ ಹಚ್ಚಿಕೊಳ್ಳಬೇಡ. ಆಮೇಲೆ ಬರೆಯುತ್ತೇನೆ.

ಅಕ್ಕ


ಜೆನ್‌ವಿಲಿಯೆ, 13 ಡಿಸೆಂಬರ್ 1987

ಅಕ್ಕಾ,

ಈ ಲಕೋಟೆಯಲ್ಲಿ ಒಂದು ಹಳದಿ ಚೀಟಿ ಇದೆ. ಮೊದಲು ಅದನ್ನು ನೋಡು. 'ಕಳಿಸಿದವರು: ಸಾರ್ದಮೇರ್, ಸಾಫಿ. ಪಡೆದವರು: ಮೊರೆಲ್ಲಿ ಗೋದಾಮು, ಜೆನ್‌ವಿಲಿಯೆ. ವಾಲ್‌ಬ್ರೂನ್ ಸಮೂಹದ ಒಳ ವರ್ಗಾವಣೆ, ಮಾರಾಟವಲ್ಲ.' ಕೆಳಗೆ ವಾಲ್‌ಬ್ರೂನ್ ಮೊಹರು ಇದೆ. ವಕೀಲರು ಕೇಳಿದ ಕಾಗದ ಇದೇ.

ಮೊರೆಲ್ಲಿ ಗೋದಾಮು ಅಂದರೆ ನಾನು ಹನ್ನೆರಡು ವರ್ಷ ಪೆಟ್ಟಿಗೆ ಎತ್ತಿದ ಜಾಗ.

ಹೋದ ಫೆಬ್ರವರಿಯಲ್ಲಿ ನೀನು ಸಾರ್ದಮೇರ್ ಎಂಬ ಹೆಸರು ಬರೆದೆಯಲ್ಲ, ಅದನ್ನು ಓದಿದ ಮರುದಿನವೇ ಮೂರನೆಯ ಶೆಡ್ಡಿಗೆ ಹೋಗಿ ನೋಡಿದೆ. ಹಳೆಯ ದಾಸ್ತಾನು ಗೋಡೆಯ ಎತ್ತರಕ್ಕೆ ಪೇರಿಸಿತ್ತು. ಎಲ್ಲ ಪೆಟ್ಟಿಗೆಯ ಮೇಲೂ ಅದೇ ಹೆಸರು. ಅದನ್ನು ನಾನೇ ಇಳಿಸಿದ್ದೆ, ಓದಿರಲಿಲ್ಲ. ಒಂದರ ಮೇಲೆ ಸೆಪ್ಟೆಂಬರ್ 17 ಎಂದು ಮೊಹರಿತ್ತು, ಅವಳು ಸಾಯುವ ಹಿಂದಿನ ದಿನ. ಅದರ ಚೀಟಿ ಕಿತ್ತು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೆ. ಹತ್ತು ತಿಂಗಳು ಅದು ಅಲ್ಲೇ ಇತ್ತು.

ಏಪ್ರಿಲಿನಲ್ಲಿ ಪಟ್ಟಿಯಲ್ಲಿ ಕಂಡ ಗುರುತಿನ ಹೆಸರು ಮೊರೆಲ್ಲಿ. ನಲವತ್ಮೂರರಲ್ಲಿ ಇಪ್ಪತ್ತೊಂಬತ್ತನೆಯದು. ನಾನು ಬೆರಳು ತೆಗೆದುಬಿಟ್ಟೆ. ಅವರ ಚೀಟಿ ಕದ್ದು ಅವರ ಮೇಲೆಯೇ ಕೊಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಹಾದ್ದಾಳ ಅರ್ಜಿಗೆ ಸಹಿ ಹಾಕುವವರಿಲ್ಲ. ಸಹಿ ಆಗಲಿ, ಆಮೇಲೆ ಕಳಿಸೋಣ ಎಂದುಕೊಂಡೆ.

ಸಭೆಯಲ್ಲಿ ನಾನು ಕೇಳಲಿಲ್ಲ ಅಕ್ಕಾ. ಅವಳ ಹೆಸರು ಹೇಳಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಕೈ ಎತ್ತಬೇಕೆಂದೇ ಹೋಗಿದ್ದೆ. ಎರಡು ಕುರ್ಚಿಯಾಚೆ ನಮ್ಮ ಮ್ಯಾನೇಜರು ಕೂತಿದ್ದರು. ನನ್ನನ್ನು ನೋಡಿ ಕಣ್ಣರಳಿಸಿದರು: "ಅರೆ, ಬೂಜಮಾ! ನೀನೂ ನಮ್ಮ ಮಾಲೀಕನಾ? ಇನ್ಮೇಲೆ ನಾನೇ ನಿನಗೆ ಸಲಾಂ ಹೊಡೀಬೇಕಲ್ಲಯ್ಯಾ!" ಅಕ್ಕಪಕ್ಕದವರಿಗೂ ಹೇಳಿ ನಕ್ಕರು. ತಾವೇ ಹೋಗಿ ನನಗೊಂದು ತಟ್ಟೆಯಲ್ಲಿ ಕೇಕು ತಂದರು. "ಹೆಂಡ್ತಿ ಮಕ್ಕಳ ಕಾಗದ ಬಾಕಿ ಇದೆ ಅಲ್ವಾ? ನಾಳೆ ಬಾ, ಹಾಕಿಕೊಡ್ತೀನಿ" ಎಂದರು. ನನ್ನನ್ನು ಯಾರೂ ಹೆದರಿಸಲಿಲ್ಲ. ಹೆದರಿಸಿದ್ದರೆ ಎದ್ದು ನಿಲ್ಲುತ್ತಿದ್ದೆನೇನೋ. ಕೇಕು ತಿಂದು ಮನೆಗೆ ಬಂದೆ.

ನೀನು ಒಲೆಯ ಮುಂದೆ ಓದಿದ್ದು ಆ ಸುಳ್ಳನ್ನು. ನಿನ್ನ ಆಗಸ್ಟ್ ಕಾಗದ ಓದಿದ ಮೇಲೆ ನನಗೆ ಪೆನ್ನು ಹಿಡಿಯಲು ಆಗಲಿಲ್ಲ. ಸೆಪ್ಟೆಂಬರ್ ಮೂವತ್ತು ಬಂದ ದಿನ ಶೆಡ್ಡಿನಲ್ಲಿ ಕೂತೇ ಇದ್ದೆ. ಚೀಟಿ ಜೇಬಿನಲ್ಲಿತ್ತು.

ನವೆಂಬರಿನಲ್ಲಿ ಮೊರೆಲ್ಲಿ ಗೋದಾಮನ್ನು ಮುಚ್ಚಿದರು. ಅರವತ್ತು ಜನರ ಕೆಲಸ ಹೋಯಿತು. ಕೆಲಸವಿಲ್ಲದವನ ಹೆಂಡತಿಗೆ ಅನುಮತಿ ಇಲ್ಲವೆಂದು ಅರ್ಜಿ ವಾಪಸು ಬಂತು. ಮುಂದಿನ ವರದಿಯಲ್ಲಿ ಇಪ್ಪತ್ತೊಂಬತ್ತನೆಯ ಹೆಸರು ಇರುವುದಿಲ್ಲ. ಕಂಪನಿಯಿಂದ ಮಾತ್ರ ಕಾಗದ ಬರುತ್ತಲೇ ಇದೆ. 'ಮಾನ್ಯ ಷೇರುದಾರರೇ' ಎಂದು.

ಇನ್ನೂ ಏನಾದರೂ ಆಗುವ ಹಾಗಿದ್ದರೆ ಈ ಚೀಟಿಯಿಂದ ಮಾಡಿಸು. ಕ್ಷಮಿಸು ಎಂದು ಕೇಳುವುದಿಲ್ಲ.

ಬೂಜಮಾ


ಸಾಫಿ, 10 ಜನವರಿ 1988

ಬೂಜಮಾ,

ಚೀಟಿ ಮುಟ್ಟಿತು. ಸಿ ಲಹ್ಲೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದೇ. ಇದೇ ಬೇಕಾಗಿತ್ತು" ಎಂದರು. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟರು. ಕಡತವನ್ನು ಸೆಪ್ಟೆಂಬರ್ ಮೂವತ್ತಕ್ಕೆ ಮುಚ್ಚಿದರು. ಮಹ್ಜೂಬ ಬಿಚ್ಚಿದಳು ಎಂದೇ ಅದರಲ್ಲಿ ಉಳಿಯಿತು.

ನಿನ್ನನ್ನು ಬೈಯಲು ಕೂತೆ, ಆಗಲಿಲ್ಲ. ಕ್ಷಮಿಸಲು ಕೂತೆ, ಅದೂ ಆಗಲಿಲ್ಲ. ನಾನು ನಿನಗೆ ಹೇಳದೆ ಇಟ್ಟದ್ದನ್ನು ಈಗ ಹೇಳುತ್ತೇನೆ.

ಆ ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಶವದ ಕೋಣೆಯ ಮುಂದೆ ನಾವು ಮೂವರು ತಾಯಂದಿರು ನಿಂತಿದ್ದೆವು. ಕಂಪನಿಯಿಂದ ಒಬ್ಬ ಬಂದಿದ್ದ, ಕಂಕುಳಲ್ಲಿ ಕಾಗದದ ಚೀಲ. ಒಂದು ಸಹಿ ಆಗಬೇಕು, ಅದಾದರೆ ಮೂರೂ ಹೆಣ ಬಿಡುತ್ತಾರೆ, ಇಲ್ಲದಿದ್ದರೆ ವಿಚಾರಣೆಗೆ ಸೋಮವಾರದವರೆಗೆ ಇಲ್ಲೇ ಎಂದ. ಸಹಿ ಮಹ್ಜೂಬಳ ತಾಯಿಯದೇ ಆಗಬೇಕಂತೆ. ಬಿಸಿಲೇರುತ್ತಿತ್ತು. ಜುಮಾ ಹತ್ತಿರ ಬಂತು. ಶುಕ್ರವಾರ ಮಣ್ಣು ಸೇರುವ ಭಾಗ್ಯ ತಪ್ಪಿಹೋಗುತ್ತದೆಂದು ಕಬೀರಾಳ ತಾಯಿ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಇಜ್ಜಾ ನನ್ನ ಭುಜ ಹಿಡಿದು ಅಲ್ಲಾಡಿಸಿದಳು: "ಹಾಕೇ ಯಾಮ್ನಾ, ನಿನ್ನ ಕಾಲಿಗೆ ಬೀಳ್ತೀನಿ. ಮಕ್ಳು ಒಳಗೆ ಹಂಗೇ ಬಿದ್ದವ್ರೆ. ನಮ್ಮಲ್ಲಿ ಅಕ್ಷರ ಬರೋಳು ನೀನೇ ಅಲ್ವಾ? ಹಾಕು!" ಪೆನ್ನು ಮೊದಲು ಬರೆಯಲಿಲ್ಲ. ಇಜ್ಜಾನೇ ಅದರ ತುದಿಗೆ ಊದಿ, ತನ್ನ ತಲೆವಸ್ತ್ರಕ್ಕೆ ತಿಕ್ಕಿ ಕೈಗೆ ಕೊಟ್ಟಳು.

ನಾನು ಓದದೆ ಹಾಕಲಿಲ್ಲ. ಓದಿದೆ. ಮೂರನೆಯ ಸಾಲಿನಲ್ಲಿತ್ತು: 'ಮುಚ್ಚಳವನ್ನು ಅಪ್ಪಣೆಯಿಲ್ಲದೆ ನನ್ನ ಮಗಳೇ ಬಿಚ್ಚಿದಳೆಂದು ಒಪ್ಪುತ್ತೇನೆ.' ಓದಿ ಸಹಿ ಹಾಕಿದೆ. ಜುಮಾಕ್ಕೆ ಮುಂಚೆ ಮೂವರನ್ನೂ ಎತ್ತಿಕೊಂಡು ಹೋದೆವು.

ಒಂದು ವರ್ಷ ವಕೀಲರಿಗೂ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಅವರೇ ಕಡತದಿಂದ ತೆಗೆದು ತೋರಿಸಿದರು: "ಇದು ನಿಮ್ಮ ಸಹಿನಾ ಲಾಲ್ಲಾ?" ಹೌದು ಎಂದೆ. ಅವರು ಅದನ್ನು ಮತ್ತೆ ಕಡತದಲ್ಲಿಟ್ಟು ಹೇಳಿದರು: "ದಿನಪುಸ್ತಕ ಒಂದು ಸಿಕ್ಕಿದ್ರೆ ಇದನ್ನ ಹರಿದು ಹಾಕಿಸ್ತಿದ್ದೆ." ಹಾಗಾಗಿ ನಿನ್ನ ಚೀಟಿ ಬೇಕಿತ್ತು. ಅದು ಬೇಕಾಗುವ ಹಾಗಾದದ್ದು ನನ್ನ ಸಹಿಯಿಂದಲೇ.

ಈ ಎರಡನ್ನೂ ನಾನು ಇಜ್ಜಾಳಿಗೆ ಹೇಳಿಬಂದೆ. ನೀನು ಸಭೆಯಲ್ಲಿ ಕೇಳಲಿಲ್ಲವೆಂದೂ, ಆ ಕಾಗದದಲ್ಲಿ ಏನಿತ್ತೆಂದೂ. ಅವಳು ಬಟಾಣಿ ಸುಲಿಯುತ್ತಿದ್ದಳು. ನಿನ್ನ ವಿಷಯ ಕೇಳುತ್ತ ಸುಲಿಯುತ್ತಲೇ ಇದ್ದಳು. ಕಾಗದದ ವಿಷಯಕ್ಕೆ ಕೈ ನಿಂತಿತು.

"ನಾನು ಒಂದು ವರ್ಷ ನಿನ್ನ ಮಗಳಿಗೆ ಶಾಪ ಹಾಕ್ದೆ" ಎಂದಳು.

"ಹೂಂ."

"ನೀನು ಓದಿದ್ದೆ."

"ಓದಿದ್ದೆ."

"ಒಂದ್ಸಲ ಗಟ್ಟಿಯಾಗಿ ಓದಿದ್ರೆ ಆಗ್ತಿತ್ತು. ಮೂವರೂ ಅಲ್ಲೇ ಇದ್ವಲ್ಲೇ."

ಗಟ್ಟಿಯಾಗಿ ಓದಿದ್ದರೆ ಯಾರೂ ನನಗೆ ಸಹಿ ಹಾಕಲು ಬಿಡುತ್ತಿರಲಿಲ್ಲ, ಹುಡುಗಿಯರು ಸೋಮವಾರದವರೆಗೆ ಅಲ್ಲೇ ಇರುತ್ತಿದ್ದರು. ಅದನ್ನು ಹೇಳಲು ಬಾಯಿ ತೆರೆದೆ. ಅವಳು ಬಟಾಣಿಯ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ತಿರುಗಿಯೂ ಬರಲಿಲ್ಲ.

ಇನ್ನೊಂದು ಸುದ್ದಿ. ಕುಂಟನ ಕಾರ್ಖಾನೆ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ಬೋರ್ಡು ಹೊಸದು, ಬಣ್ಣ ಹೊಸದು. ಮೊದಲನೆಯ ದಿನ ಅದು ಕೂಗಿದಾಗ ನಾನು ಹಿಟ್ಟು ನಾದುತ್ತಿದ್ದೆ. ಅದೇ ಬಿಕ್ಕಳಿಕೆ. ಕೈ ತಾನಾಗಿಯೇ ತೊಳೆದುಕೊಂಡಿತು. ಬೀದಿಗೆ ಬಂದು ನೋಡಿದರೆ ಎಲ್ಲ ಬಾಗಿಲುಗಳಿಂದಲೂ ಹೆಂಗಸರು ಓಡುತ್ತಿದ್ದರು.

ಹಳೆಯ ಮೇಸ್ತ್ರಿಯೂ ವಾಪಸು ಬಂದಿದ್ದಾನೆ. ನನ್ನ ಮುಖ ನೋಡಲಾರದೆ ಗೋಡೆ ನೋಡಿಕೊಂಡು ಕೇಳಿದ: "ಯಾಮ್ನಾ, ನಂಗೆ ಬರೆಯೋಕೆ ಒಬ್ರು ಬೇಕು. ನೀನು ಬರ್ತೀಯಾ?" ದಿನಪುಸ್ತಕ ಹೊಸದು, ರಟ್ಟಿನ ಮೇಲೆ ಬೇರೆ ಕಂಪನಿಯ ಹೆಸರು. ಅದು ಯಾರದೆಂದು ನಾನು ಕೇಳಲಿಲ್ಲ. ನೀನೂ ಹುಡುಕಬೇಡ. ಲಾರಿಯಲ್ಲಿ ಹೋಗಿದ್ದ ಹಳೆಯ ಹಂಡೆಯೇ ವಾಪಸು ಬಂದಿದೆ, ಹಸಿರು ಬಣ್ಣ ಬಳಿದಿದ್ದಾರೆ. ಆದರೆ ಮುಚ್ಚಳದ ಮೇಲಿನ ಕಪ್ಪು ಕಲೆ ಬಣ್ಣದ ಕೆಳಗಿಂದ ಕಾಣುತ್ತದೆ.

ಮೊದಲ ಪುಟದಲ್ಲಿ ದಿನಾಂಕ ಹಾಕಿದೆ. ಮೇಸ್ತ್ರಿ ಮುಚ್ಚಳದ ಸುತ್ತ ಕೈಯಾಡಿಸಿ ಹೇಳಿದ, ನಾನು ಬರೆದೆ:

'ಎರಡು ಬೋಲ್ಟ್ ಸವೆದಿವೆ.'

ಯಾಮ್ನಾ